ಕತ್ತರಿಸದೆ ಬಿಟ್ಟ ಗೇಣು

ಬೆಚ್ಚಗಿದೆ ಕುದುರೆಯ ಪಕ್ಕೆ, ಕಿವಿ ಒತ್ತಿ ನಿಂತಿದ್ದೇನೆ, ಒಂದು ಕೂದಲು ಕಿವಿಯೊಳಗೇ ನುಗ್ಗಿ ಕಚಗುಳಿ ಇಡುತ್ತಿದೆ, ಸ್ಟೆತಾಸ್ಕೋಪು ಕೊರಳಲ್ಲಿ ಸುಮ್ಮನೆ ನೇತಾಡುತ್ತಿದೆ, ಇವತ್ತು ನನಗೆ ಬರಿಗಿವಿಯೇ ಬೇಕು — ಅಲ್ಲಿ, ಗುಡುಗುಡು, ಬಂತು, ಅಕ್ಕಾ ಬಂತು! ಲಾಯದ ಬಾಗಿಲಿಗೆ ಒರಗಿದ ಅಕ್ಕ ಮುಖ ಗಂಟಿಕ್ಕಿಕೊಂಡೇ, ಅದು ನಿನ್ನ ಹೊಟ್ಟೆ ಕಣೇ, ನಂಗೆ ಇಲ್ಲೀವರೆಗೂ ಕೇಳಿಸ್ತು, ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ ನೀನು? ಥೂ, ಹೌದು, ನನ್ನದೇ ಹೊಟ್ಟೆ, ಕುದುರೆ ಡಾಕ್ಟರಂತೆ, ಇಷ್ಟು ವರ್ಷದ ಅನುಭವವಂತೆ, ತನ್ನ ಹಸಿವು ಯಾವುದು ಕುದುರೆಯ ಕರುಳು ಯಾವುದು ಗೊತ್ತಾಗದ ಮಹಾ ಪಂಡಿತೆ. ಅಕ್ಕನ ಕುದುರೆ ಗಡಿಬಿಡಿ ಮಾತ್ರ ಕತ್ತು ತಿರುಗಿಸಿ ನೋಡಿತು, ಮರಿಯಾಗಿದ್ದಾಗಿಂದ ಬಕೆಟ್ಟಿಗೆ ಮುಖ ತೂರಿಸಿ ಗಬಗಬ ತಿನ್ನುತ್ತಿದ್ದ ಹೆಣ್ಣು ಅಂತ ಅಕ್ಕನೇ ಇಟ್ಟ ಹೆಸರು, ಅಕ್ಕನ ಸವಾರಿ ಶಾಲೆಯಲ್ಲಿ ಹೆದರುಪುಕ್ಕಲು ಮಕ್ಕಳನ್ನೆಲ್ಲ ಮೊದಲು ಹತ್ತಿಸುವುದು ಇದರ ಬೆನ್ನಿಗೇ.

ಎಂಥ ಹೊಟ್ಟೆ ದೇವರೇ, ಆ ದಿನ ಆಪರೇಷನ್ ಮೇಜಿನ ಮೇಲೆ ಅಂಗಾತ ಮಲಗಿ, ನಾಲ್ಕೂ ಕಾಲು ಮೇಲೆ, ನಾನು ಭುಜದವರೆಗೂ ಕೈ ಇಳಿಬಿಟ್ಟು ಎಳೆದಷ್ಟೂ ಬರುವ ಕರುಳು, ಬಂದಷ್ಟೂ ಮುಗಿಯದ ಕರುಳು, ಈ ಲಾಯವನ್ನು ಸುತ್ತಿ ಅಂಗಳಕ್ಕೂ ಹಾಸಬಹುದಾದಷ್ಟು, ಆಮೇಲೆ ಆ ಗಂಟು, ತಿರುಚಿಕೊಂಡು ಬದನೆಕಾಯಿ ಬಣ್ಣಕ್ಕೆ ತಿರುಗಿದ ಸುರುಳಿ ಮೇಲೆ ಸುರುಳಿ, ಸತ್ತಿದ್ದು, ಅನುಮಾನವೇ ಇಲ್ಲ, ಕತ್ತರಿಸಿದೆ, ಹತ್ತಿರ ಹತ್ತಿರ ಸಣ್ಣ ಕರುಳಿನ ಅರ್ಧ ಹೋಯಿತು. ಅನುಮಾನ ಉಳಿದದ್ದು ಆ ಒಂದು ಗೇಣಿನ ಮೇಲೆ. ಕಪ್ಪೂ ಅಲ್ಲ ಕೆಂಪೂ ಅಲ್ಲ. ಸಹಾಯಕ್ಕಿದ್ದ ಡಾಕ್ಟರು, ತೆಗೆದುಬಿಡಿ ಮೇಡಂ, ರಿಸ್ಕ್ ಯಾಕೆ, ಅಂದರು, ಯಾಕೆ ತೆಗೆಯಬಾರದು ಅಂದರೆ ಅದು ಸಣ್ಣ ಕರುಳಿನ ಕೊನೆ, ದೊಡ್ಡ ಕರುಳಿನ ದೊಡ್ಡ ಚೀಲಕ್ಕೆ ಬಾಗಿಲು, ಅದೂ ಹೋದರೆ ಚೀಲದೊಳಗಿನದು ಹಿಂದಕ್ಕೆ ಸಣ್ಣ ಕರುಳಿಗೇ ನುಗ್ಗುತ್ತದೆ, ಮೊದಲೇ ಅರ್ಧ ಕರುಳಿನವಳು, ತಿಂದೂ ತಿಂದೂ ಒಣಗಿ ಕಡ್ಡಿಯಾಗುತ್ತಾಳೆ — ಇಟ್ಟರೆ? ಇಟ್ಟದ್ದು ಸತ್ತರೆ ಇವಳೂ ಸತ್ತಂತೆ. ಬೆಚ್ಚನೆ ಉಪ್ಪುನೀರು ಹುಯ್ದು ಅಂಗೈ ಮೇಲೆ ಇಟ್ಟುಕೊಂಡು ಕಾದೆ, ಬೆರಳಲ್ಲಿ ಸುಮ್ಮನೆ ಹೀಗೆ ತಟ್ಟಿದೆ, ಅದು ಹರಿದಾಡಿತು, ಒಂದು ಸಣ್ಣ ಅಲೆ, ಮೈಮೇಲೆ ಪ್ರಜ್ಞೆ ಇಲ್ಲದ ಪ್ರಾಣಿಯೊಳಗೆ ಯಾರೂ ಹೇಳದೆ ಕೇಳದೆ ತನ್ನ ಕೆಲಸ ತಾನು ಮಾಡಿತು, ನನ್ನ ರೋಮ ನಿಮಿರಿತು, ಇರಲಿ ಬಿಡಿ ಅಂದೆ, ಹೊಲಿದೆ.

ಅಕ್ಕನಿಂದ ಅದನ್ನೂ ಮುಚ್ಚಿಡಲಿಲ್ಲ, ಮುಚ್ಚಿಡಬೇಕಿತ್ತೇನೋ, ಅನುಮಾನ ಇದ್ರೆ ಕತ್ತರಿಸಬೇಕಿತ್ತು ನೀನು, ಅಂದಳು, ನಂದೇ ಕುದುರೆ ಅಂತ ಕೈ ನಡುಗಿತೇನೇ? ನಡುಗಲಿಲ್ಲ ಅಕ್ಕಾ. ಹೆದರಿದ್ದು ಆಮೇಲೆ, ಕರುಳು ಮುಷ್ಕರ ಹೂಡಿ ಕೂತಾಗ, ಈ ಪ್ರಾಣಿಗೆ ವಾಂತಿ ಮಾಡಲೂ ಬರುವುದಿಲ್ಲ, ಕೆಳಗೆ ಇಳಿಯದ್ದು ಮೇಲೆ ಬರದೆ ಹೊಟ್ಟೆಯನ್ನೇ ಒಡೆದುಹಾಕುತ್ತದೆ, ಮೂಗಿನಿಂದ ಕೊಳವೆ ಇಳಿಸಿ ಬಕೆಟ್ಟು ಬಕೆಟ್ಟು ಹಸಿರು ಹಳದಿ ನೀರು ತೆಗೆದೆವು, ಒಂದು ಹಿಡಿ ಹುಲ್ಲು ಕೊಡ್ಲೇನೇ, ಪಾಪ, ನನ್ನನ್ನೇ ನೋಡ್ತಿದಾಳೆ, ಅಂದಳು ಅಕ್ಕ, ಮುಟ್ಟಿದರೆ ಜೋಕೆ ಅಂತ ನನಗಿಂತ ದೊಡ್ಡವಳ ಮೇಲೇ ಕೂಗಾಡಿದೆ. ಆಮೇಲೆ ಬಕೆಟ್ಟಿಗೆ ಏನೂ ಬರದಾಯಿತು, ಕೊಳವೆ ತೆಗೆದೆ, ಎಳೆ ಹಸಿರು ಹುಲ್ಲು ಕೊಯ್ಯಿಸಿ ಹಿಡಿ ಹಿಡಿಯಾಗಿ ಅಕ್ಕನ ಕೈಯಿಂದಲೇ ಕೊಡಿಸಿದೆ. ಗಡಿಬಿಡಿ ಕಾಯಿಲೆಗೆ ಮುಂಚೆ ತಿಂದದ್ದೆಲ್ಲ ಒಣಹುಲ್ಲು, ಈಗ ಹಾಕುತ್ತಿರುವ ಲದ್ದಿಯೂ ಅದೇ ಹಳೆಯದು, ಹುಲ್ಲುಬಣ್ಣ ಕಳೆದ ಗಟ್ಟಿ ಉಂಡೆಗಳು, ಹಸಿರು ಲದ್ದಿ ಬಿತ್ತು ಅಂದರೆ ಮಾತ್ರ ಹೊಲಿಗೆ ದಾಟಿತು, ಆ ಗೇಣು ದಾಟಿತು, ಬಾಗಿಲು ತೆರೆಯಿತು.

ಇನ್ನೊಮ್ಮೆ ಕಿವಿ ಇಡುತ್ತೇನೆ, ಉಸಿರು ಹಿಡಿದು, ನನ್ನ ಹೊಟ್ಟೆಗೆ ತೆಪ್ಪಗಿರು ಎಂದು ಗದರಿ. ಎಳೆ ಹುಲ್ಲು ಎಲ್ಲಿದೆಯೋ, ದೊಡ್ಡ ಚೀಲದೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಉಪವಾಸ ಕೂತು ಬಾಗಿಲು ನೋಡುತ್ತಿವೆಯೇನೋ, ಅವುಗಳ ಊಟವೇ ಇವಳ ಊಟ, ಅವು ಹುಳಿಸಿಕೊಟ್ಟದ್ದೇ ಇವಳ ಓಟ, ಇಂಥದ್ದೊಂದು ಊರನ್ನೇ ಹೊತ್ತು ತಿರುಗುತ್ತಾಳಲ್ಲ ನಮ್ಮ ಗಡಿಬಿಡಿ, ಏನೂ ಗೊತ್ತಿಲ್ಲದವಳ ಹಾಗೆ — ತಡಿ. ದೂರದಲ್ಲಿ, ತುಂಬ ಒಳಗೆ, ನೀರು ಮೆಟ್ಟಿಲಿಳಿಯುವ ಹಾಗೆ, ಉದ್ದಕ್ಕೆ, ಇಳಿದು, ನಿಂತು, ಮತ್ತೆ ಇಳಿದು, ಇದು ನನ್ನದಲ್ಲ, ಅಕ್ಕಾ ಇದು ನನ್ನದಲ್ಲ, ಅಕ್ಕ ಆಗಲೇ ಬಾಗಿಲು ನೂಕಿ ಒಳಗೆ ಬಂದಿದ್ದಾಳೆ, ಬಾಲ ಎತ್ತಿದ್ಲು ನೋಡೇ, ನೋಡು, ನನಗೆ ನೋಡಲಿಕ್ಕೂ ಭಯ, ಬಣ್ಣ ಹಸಿರಲ್ಲದಿದ್ದರೆ ಏನು ಮಾಡಲಿ, ಕಣ್ಣು ಮುಚ್ಚಿಕೊಂಡೇ ಪಕ್ಕೆಗೆ ಅಂಟಿ ನಿಂತಿದ್ದೇನೆ, ನೆಲಕ್ಕೆ ಬಿದ್ದ ಸದ್ದೇ ಇಲ್ಲ, ಯಾಕೆ ಸದ್ದಿಲ್ಲ, ತಿರುಗಿದೆ.

ಅಕ್ಕ ಬಗ್ಗಿ ನಿಂತಿದ್ದಾಳೆ, ಎರಡೂ ಬರಿಗೈ ಒಡ್ಡಿ. ಬಿಸಿಯಾಗಿದೆ ಕಣೇ, ಅನ್ನುತ್ತಾಳೆ, ಅಷ್ಟೇ, ಬಿಸಿಯಾಗಿದೆ. ಬೊಗಸೆ ತುಂಬ ಹಸಿರು. ಅಚ್ಚ ಹಸಿರು, ಹಬೆಯಾಡುತ್ತಿದೆ, ನಾನು ಏನೋ ಹೇಳಬೇಕು, ಔಷಧಿ, ಮುಂದಿನ ಹಿಡಿ ಹುಲ್ಲು, ಕೈ ತೊಳ್ಕೋ ಅಕ್ಕಾ — ಬೊಗಸೆ, ಹಬೆ, ಅಕ್ಕನ ಬೊಗಸೆ, ಅದರೊಳಗೆ ಹಸಿರು