ಎಬ್ಬಿಸುವ ರಸ

ಮಿದುಳು ಕಿತ್ತ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು, ಕೂಡಲೇ ಸಾಯುವುದಿಲ್ಲ. ಚಿಟ್ಟೆಯೂ ಆಗದೆ ಸುಮ್ಮನೆ ಮಲಗಿಬಿಡುತ್ತದೆ. ಅದನ್ನು ಎಬ್ಬಿಸುವ ಹಾರ್ಮೋನು ಹುಡುಕುತ್ತಲೇ ಸಂಶೋಧಕ ತೊಮಿಜಾವಾನ ತಲೆ ನೆರೆತಿತ್ತು. ಜಪಾನಿನ ನಗಾನೋದ ಆ ಪ್ರಯೋಗಾಲಯದಲ್ಲಿ ಹೆಂಗಸರು ಸಾಲಾಗಿ ಕೂತು ರೇಷ್ಮೆ ಚಿಟ್ಟೆಗಳ ತಲೆ ಕತ್ತರಿಸುತ್ತಿದ್ದರು. ಲಕ್ಷಗಟ್ಟಲೆ ತಲೆ ಅರೆದರೂ ಸಿಗುವ ರಸ ಉಗುರಿನ ತುದಿಗೂ ಸಾಲದು. ಅದನ್ನು ತೊಮಿಜಾವಾ ಎರಿ ಎಂಬ ಬೇರೆ ಜಾತಿಯ ರೇಷ್ಮೆ ಹುಳುವಿನ, ಮಿದುಳು ಕಿತ್ತ ಪ್ಯೂಪಾಗಳಿಗೆ ಚುಚ್ಚಿದ. ಅವು ಎದ್ದು ರೆಕ್ಕೆ ಬಿಚ್ಚಿದವು.

"ಉಪಪ್ರಾಧ್ಯಾಪಕನ ಕುರ್ಚಿ ನಿಂದೇ ಕಣಯ್ಯ" ಎಂದರು ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಇವಾಕುರಾ. ಆ ಮಾತನ್ನು ನೆಚ್ಚಿ ಅವನು ಮದುವೆ ನಿಶ್ಚಯವನ್ನೂ ಮಾಡಿಕೊಂಡ, ಪಾಪ.

ಎರಿ ಹುಳುವನ್ನು ಆರಿಸಿದ್ದು ಅನುಕೂಲಕ್ಕೆ. ಮಿದುಳು ಕಿತ್ತರೆ ಅದರ ಪ್ಯೂಪಾ ತಾನಾಗಿ ಏಳುವುದಿಲ್ಲ. ಕೊನೆಗೊಮ್ಮೆ ರಸ ಕೊಟ್ಟ ರೇಷ್ಮೆ ಹುಳುವಿನ ಪ್ಯೂಪಾಗೇ ಚುಚ್ಚಿ ನೋಡಿದ. ಏಳಲಿಲ್ಲ. ತನ್ನದೇ ಹುಳುವನ್ನು ಎಬ್ಬಿಸಲಾರದ ರಸ! ಅದರ ರಚನೆ ಬಿಡಿಸಿದಾಗ ಇನ್ಸುಲಿನ್ನಿನ ದಾಯಾದಿ ಎಂದು ತಿಳಿಯಿತು.

ಇವಾಕುರಾ ಸಕ್ಕರೆ ಕಾಯಿಲೆಯವರು. ಹೊಟ್ಟೆ ಹಿಡಿದು ನಕ್ಕರು.

"ಬೆಟ್ಟ ಅಗೆದು ಇಲಿ ಹಿಡಿದ್ಯಲ್ಲೋ! ನಾನು ದಿನಾ ಚುಚ್ಕೊಳ್ಳೋ ಮಾಲನ್ನ ಹುಡುಕೋಕೆ ಇಷ್ಟು ವರ್ಷ ಬೇಕಾಯ್ತಾ?"

"ಆದ್ರೆ ಸೆನ್ಸೇ," ಎಂದು ಗುರುವನ್ನು ತಡೆದ ತೊಮಿಜಾವಾ, "ಹುಳದ ಮಿದುಳಲ್ಲಿ ಇನ್ಸುಲಿನ್ ಥರದ್ದು ಅಂದ್ರೆ..."

"ಹೋಗು, ತಲೆ ಕತ್ತರಿಸು ಹೋಗು."

ಆದರೆ ಮುದುಕ ದಡ್ಡನೇನಲ್ಲ. ಆ ಇಲಿ ಚಿನ್ನದ್ದೆಂದು ಅವತ್ತೇ ಅರಿತಿದ್ದ. ತಿಂಗಳೊಳಗೆ ಪತ್ರಿಕೆಗಳಲ್ಲೆಲ್ಲ ಇವಾಕುರಾ ಮುಖ: ಹುಳುವಿನಲ್ಲೂ ಇನ್ಸುಲಿನ್ನಿನ ಬಂಧು! ತೊಮಿಜಾವಾನ ಹೆಸರು ಎಲ್ಲೂ ಇರಲಿಲ್ಲ.

ಪ್ರಯೋಗಕ್ಕೆ ಸತ್ತ ಹುಳುಗಳ ಸ್ಮರಣೆಯ ದಿನ ಎಲ್ಲರೂ ಅವುಗಳ ನೆನಪಿಗೆ ಅಂಗಳದಲ್ಲಿ ನೆಟ್ಟ ಕಲ್ಲಿನ ಮುಂದೆ ಊದುಬತ್ತಿ ಹಚ್ಚಿದರು. ತಲೆ ಕತ್ತರಿಸುವ ಹಿಸಾನೋ ಅವನ ಪಕ್ಕಕ್ಕೆ ಬಂದಳು.

"ಪೇಪರ್ ಪೂರ್ತಿ ಹುಡುಕ್ದೆ ತೊಮಿಜಾವಾ-ಸಾನ್, ನಿಮ್ಮ ಹೆಸರೇ ಇಲ್ಲ. ಹುಳಕ್ಕಾದ್ರೂ ಊದುಬತ್ತಿ ಸಿಕ್ತು ಬಿಡಿ."

ಹೆಂಗಸರು ಕಿಸಕ್ಕೆಂದರು. ಇವತ್ತು ಕೇಳಿಯೇ ಬಿಡುವುದೆಂದು ತೊಮಿಜಾವಾ ನೇರವಾಗಿ ಸೆನ್ಸೇ ಕೋಣೆಗೆ ನುಗ್ಗಿದ.

ಮೇಜಿನ ಮೇಲೆ ಸ್ಮರಣೆಯ ಊಟ ಕಾದಿತ್ತು. ಇವಾಕುರಾ ಅಂಗಿ ಎತ್ತಿ ಹೊಟ್ಟೆ ತೋರಿಸಿ, ಇನ್ಸುಲಿನ್ ಸಿರಿಂಜು ಚಾಚಿದರು.

"ಬಂದ್ಯಾ? ಚುಚ್ಚು. ಪ್ಯೂಪಾಗೆ ಚುಚ್ಚಿ ನಿನ್ನ ಕೈ ಪಳಗಿದೆ. ಕುರ್ಚಿ ವಿಷ್ಯ ಮುಂದಿನ ವರ್ಷ ನೋಡೋಣ."

ತೊಮಿಜಾವಾ ಸಿರಿಂಜು ತೆಗೆದುಕೊಂಡ. ಮಂಡಿಯೂರಿದ, ಚರ್ಮ ಹಿಡಿದ, ಚುಚ್ಚಿದ.

"ಭೇಷ್, ನೋವೇ ಆಗ್ಲಿಲ್ಲ" ಎಂದರು ಸೆನ್ಸೇ, ಊಟಕ್ಕೆ ಕೈಹಾಕುತ್ತಾ.

ನೋವಾಗದಂತೆ ತಾನೇ ಜೋಪಾನ ಮಾಡಿದ್ದು ತೊಮಿಜಾವಾನಿಗೆ ಗೊತ್ತಿತ್ತು. ಅವನಿಗೆ ತನ್ನ ಕೈ ಕಂಡೇ ಹೇಸಿಗೆಯಾಯಿತು.