ಹಗ್ಗದ ಮೇಲಿನ ಕೆಂಪು

ಹೊಸ ಹಗ್ಗದ ಮೇಲೆ ಕೆಂಪು ಕಂಡಾಗ ಗೂಳಪ್ಪ ಮೊದಲು ಬೈದದ್ದು ಬಣ್ಣ ಹೊಡೆಯುವವರನ್ನು.

"ಥೂ, ಯಾವನೋ ಪೇಂಟ್ ಮೆತ್ತವ್ನೆ."

ಬುತ್ತಿ ಬಿಚ್ಚುತ್ತಿದ್ದ ಹೆಂಡತಿ ಮುನಿತಾಯಮ್ಮ ತಿರುಗಿ ನೋಡಿದಳು. "ಪೇಂಟಲ್ಲ ಕಣ್ರೀ. ನಿಮ್ ಅಂಗೈ ನೋಡ್ಕಳಿ."

ಹುರಿ ಬಿಡಿಸುವ ದಪ್ಪ ದಬ್ಬಳದ ಮೊನೆ ಅವನ ಎಡ ಅಂಗೈಯೊಳಗೆ ಇಳಿದು ನಿಂತಿತ್ತು. ಕಿತ್ತ. ನೋವಾಗಲಿಲ್ಲ.

ಆ ದಬ್ಬಳ, ಮಂಗಳೂರಿನ ಹಾಯಿಹಡಗುಗಳಲ್ಲಿ ಬಾಳು ಸವೆಸಿದ ಮುದುಕನೊಬ್ಬ ನಾಯಂಡಹಳ್ಳಿಯ ಈ ಗೋದಾಮಿನಲ್ಲಿ ಅವನಿಗೆ ಕೊಟ್ಟುಹೋದದ್ದು. ಹಗ್ಗದ ಹುರಿಗಳ ನಡುವೆ ಅದನ್ನು ತೂರಿಸಿ, ಸಂದು ಮಾಡಿ, ಬಿಡಿ ಎಳೆಯನ್ನು ಆ ಸಂದಿನೊಳಗೆ ಸೇದಿ ಬಿಗಿಯಬೇಕು. ಹಾಗೆ ಹೆಣೆದ ಕುಣಿಕೆಯಲ್ಲಿ ಗಂಟೆಂಬುದಿಲ್ಲ, ಆದರೂ ಮನುಷ್ಯನ ಭಾರವನ್ನು ತಾಳುತ್ತದೆ. ಬಿಗಿ ಸಾಕೇ ಎಂಬುದನ್ನು ಕಣ್ಣು ಹೇಳದು, ಬೆರಳೇ ಹೇಳಬೇಕು. ಮನಸ್ಸು ಎಲ್ಲೋ ಅಲೆದರೂ ಜಪಸರದ ಮೇರುಮಣಿಯನ್ನು ಬೆರಳು ಗುರುತಿಸುವಂತೆ, ಗೂಳಪ್ಪನ ಬೆರಳು ಕತ್ತಲಲ್ಲೂ ತಪ್ಪಿದ ಎಳೆಯನ್ನು ಹಿಡಿಯುತ್ತಿತ್ತು. ಸಕ್ಕರೆ ಕಾಯಿಲೆಯ ಡಾಕ್ಟರು ಕೈ ಜೋಮು ಹಿಡಿಯುತ್ತದೆಯೇ ಎಂದು ಕೇಳಿದಾಗ ಅವನು ನಕ್ಕು ಎದ್ದುಬಂದಿದ್ದ.

"ನಿನ್ನೆ ಮಹದೇವಂಗೆ ಹಗ್ಗ ಕೊಟ್ರಲ್ಲಾ..." ಎಂದಳು ಮುನಿತಾಯಮ್ಮ, ಮೆಲ್ಲಗೆ.

ಮಹದೇವ ಅವಳ ತಮ್ಮ. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟುಗಳ ಹೊರಗೋಡೆಗೆ ನೇತುಬಿದ್ದು ಬಣ್ಣ ಬಳಿಯುವವನು. ಗೂಳಪ್ಪ ಅವನಿಗೆ ಫೋನು ಮಾಡಿದ. ಅದು ಬಹಳ ಹೊತ್ತು ಬಡಿದುಕೊಂಡಿತು.

"ಇಳಿದ್ಬಿಡು ಕಣೋ."

"ಊಟಕ್ಕೆ ಆಗ್ಲೇ ಇಳಿದಿದೀನಿ ಭಾವ. ಯಾಕೆ, ನಂಗೂ ಬುತ್ತಿ ತಂದವ್ಳಾ ಅಕ್ಕ?"

"ಮತ್ತೆ ಹತ್ಬೇಡ. ಹಗ್ಗ ಬಿಚ್ಕೊಂಡು ಬಾ."

ಮುನಿತಾಯಮ್ಮ ಗಂಡನ ಅಂಗೈಗೆ ಬಟ್ಟೆ ಸುತ್ತಿ, ಮನೆಗೆ ಹೋಗದೆ ಅಲ್ಲೇ ಕುಳಿತಳು. ಸಂಜೆ ಮಹದೇವ ಬಂದು ಹಗ್ಗವನ್ನು ಮುಂದಿಟ್ಟ. ಗೂಳಪ್ಪ ಕುಣಿಕೆಯ ಬುಡವನ್ನು ಬಾಗಿಸಿ ನೋಡಿದ. ಒಂದು ಎಳೆ ಸಂದಿನೊಳಗೆ ಹೋಗಿಯೇ ಇರಲಿಲ್ಲ. ಸುಮ್ಮನೆ ಮೇಲೆ ಒರಗಿತ್ತು. ಎಳೆದರೆ ಉದುರುವ ತಲೆಗೂದಲಿನಂತೆ ಬಂದಿತು. ಉಳಿದವೂ ಅದರ ಹಿಂದೆಯೇ ಸಡಿಲಿದವು.

ಮಹದೇವನ ಮುಖದಲ್ಲಿ ನಗು ಉಳಿಯಲಿಲ್ಲ. "ಯಾರ್ಗೂ ಹೇಳಲ್ಲ ಬಿಡಿ ಭಾವ" ಎಂದ. ಹೊರಡುವಾಗ ಬೇರೆ ಹಗ್ಗ ಕೇಳಲಿಲ್ಲ.

ಗೋದಾಮಿನೊಳಗೆ ಬೆಳಕು ತಗ್ಗುತ್ತಿತ್ತು. ಗೂಳಪ್ಪ ಹೆಂಡತಿಯ ಮುಂದೆ ಬಲಗೈ ಚಾಚಿ ಕಣ್ಣು ಮುಚ್ಚಿದ.

"ಯಾವ್ದಾದ್ರೂ ಒಂದು ಬೆರಳು ಮುಟ್ಟು. ಯಾವ್ದು ಅಂತ ಹೇಳ್ತೀನಿ."

ಹೊರಗೆ ಮೆಟ್ರೋ ಹಾದುಹೋಯಿತು. ಅದರ ಸದ್ದು ಅಡಗುವವರೆಗೆ ಅವನು ಕಾದ.

"ಮುಟ್ಟು ಅಂದ್ನಲ್ಲೇ."

ಅವನ ಬೆರಳುಗಳೆಲ್ಲ ಆಗಲೇ ಅವಳ ಎರಡು ಕೈಗಳ ನಡುವೆ ಇದ್ದವು.