ಹೆಪ್ಪುಗಟ್ಟಿದ ರಕ್ತ ಕೆಟ್ಟದ್ದಲ್ಲ

ದಿನವಿಡೀ ಗದ್ದೆಯ ನೀರಿನಲ್ಲಿ ನಿಂತು ನಾಟಿ ಮಾಡಿದವರಿಗೆ ಜ್ವರ ಬಂದರೆ ನಾವೇನು ಮಾಡುತ್ತೇವೆ? ಕಷಾಯ ಕುಡಿಸಿ, ಕಂಬಳಿ ಹೊದಿಸಿ ಮಲಗಿಸುತ್ತೇವೆ. ಮಂಜಗುಣಿಯ ಜಟ್ಟಪ್ಪನೂ ಹೆಂಡತಿ ನಾಗಿಗೆ ಹಾಗೇ ಮಾಡಿದ. ಅವಳ ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಕರೆತಂದ.

ಇಲಿಯ ಮೂತ್ರ ಬೆರೆತ ಗದ್ದೆ ನೀರಿನಿಂದ ಬರುವ ಇಲಿಜ್ವರ ಇರಬಹುದು, ಈಗಲೇ ಕಾರವಾರದ ದೊಡ್ಡ ಆಸ್ಪತ್ರೆಗೆ ಸೇರಿಸು ಎಂದರು ಡಾಕ್ಟರು. ರಕ್ತದ ರಿಪೋರ್ಟ್ ಬರಲಿ, ಆಮೇಲೆ ನೋಡೋಣ ಎಂದ ಜಟ್ಟಪ್ಪ. ನರ್ಸ್ ಮಂಗಲಾ ರಕ್ತ ತೆಗೆದು ನಳಿಕೆಯಲ್ಲಿ ಹಾಕಿ, ಅಲ್ಲಾಡಿಸದೆ ಅಂಕೋಲೆಯ ಲ್ಯಾಬಿಗೆ ಮುಟ್ಟಿಸು ಎಂದು ಕೊಟ್ಟಳು.

ಬಸ್ಸಿಗೆ ಕಾಯುವಾಗ ನೋಡಿದರೆ ರಕ್ತ ಹೆಪ್ಪುಗಟ್ಟುತ್ತಿದೆ. ಕೆಟ್ಟೇ ಹೋಯಿತೆಂದು ಜಟ್ಟಪ್ಪ ಹೆದರಿದ. ನಳಿಕೆಯನ್ನು ಚೆನ್ನಾಗಿ ಕುಲುಕಿದ. ಮೀನು ಮಾರುವ ಕಾಶಿಯ ಬುಟ್ಟಿಯಿಂದ ಐಸ್ ಕೇಳಿ ಪಡೆದು ಅದರಲ್ಲಿ ಹುಗಿದ. ಮೀನು ಕೆಡದಂತೆ ಇಡುವುದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ, ಪಾಪ.

ಲ್ಯಾಬಿನ ರಂಜನಾ ನಳಿಕೆ ನೋಡಿದವಳೇ ಮುಖ ಸಣ್ಣ ಮಾಡಿದಳು. "ಕುಲುಕಿದ್ರಾ?"

"ಗಟ್ಟಿ ಆಗೂಕೆ ಹತ್ತಿತ್ತು ಬಾಯೋರೆ. ಬಿಡಿಸೂಕೆ ನೋಡ್ದೆ."

"ಅದು ಗಟ್ಟಿ ಆಗ್ಲೇಬೇಕು, ಅಣ್ಣ. ಹೆಪ್ಪು ಹಾಕಿಟ್ಟ ಮೊಸರಿನ ಮಡಕೆ ಅಲ್ಲಾಡಿಸ್ತ್ರಾ? ಅರ್ಧ ತಾಸು ಸುಮ್ನೆ ಬಿಟ್ರೆ ತಿಳಿನೀರು ಬೇರೆ ಆಗ್ತದೆ. ನಾವು ಪರೀಕ್ಷೆ ಮಾಡೂದು ಆ ತಿಳಿನೀರನ್ನೇ."

ಆ ತಿಳಿಗೆ ಸೀರಮ್ ಎನ್ನುತ್ತಾರೆ. ಹೆಪ್ಪುಗಟ್ಟಿದ ಮೇಲೆ ನಳಿಕೆಯನ್ನು ಯಂತ್ರದಲ್ಲಿ ತಿರುಗಿಸಿ ಅದನ್ನು ಬೇರೆ ಮಾಡಿಕೊಳ್ಳುತ್ತಾರೆ. ಕುಲುಕಿ ಐಸಿನಲ್ಲಿಟ್ಟಿದ್ದರಿಂದ ನಾಗಿಯ ರಕ್ತಕಣಗಳು ಒಡೆದು ಎಲ್ಲ ಕೆಂಪಾಗಿ ಕಲಸಿಹೋಗಿತ್ತು. ಇವತ್ತೇ ಇನ್ನೊಮ್ಮೆ ತೆಗೆಸಿ ತನ್ನಿ ಎಂದಳು ರಂಜನಾ. ಮೊದಲೇ ಸೊರಗಿದವಳ ರಕ್ತ ಮತ್ತೆ ತೆಗೆಸುವುದೇ ಎಂದು ಜಟ್ಟಪ್ಪ ತಡಮಾಡಿದ. ಎಲ್ಲವೂ ಅಕ್ಕರೆಯಿಂದ ಮಾಡಿದ ತಪ್ಪುಗಳು, ನೆನೆದರೆ ಈಗಲೂ ಸಂಕಟವಾಗುತ್ತದೆ. ಕಾರವಾರಕ್ಕೆ ಒಯ್ಯುವ ಹೊತ್ತಿಗೆ ಕಿಡ್ನಿ ಸೋತು ನಾಗಿಗೆ ಮೂತ್ರ ನಿಂತುಹೋಗಿತ್ತು. ಅವಳು ಉಳಿಯಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಮಗಳು ಜಯಶ್ರೀಗೆ ಜ್ವರ ಬಂತು. ಜಟ್ಟಪ್ಪ ಅಂದೇ ಆಸ್ಪತ್ರೆಗೆ ಸೇರಿಸಿದ. ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದ ಅವಳ ರಕ್ತದ ನಳಿಕೆ ನೋಡಿ ಅವನ ತಮ್ಮ ಬೀರಾ, ರಕ್ತ ಗಟ್ಟಿಯಾಯಿತಲ್ಲ ಎಂದು ಕೈ ಚಾಚಿದ.

"ಮುಟ್ಟಬ್ಯಾಡ. ಅದು ಹಾಂಗೇ ಆಗೂದು," ಎಂದ ಜಟ್ಟಪ್ಪ. ತಮ್ಮನ ಕೈ ಹಿಂದೆ ಸರಿಸಿ, "ನಿನ್ನತ್ತಿಗೆ ಮೊಸರಿನ ಮಡಕೆ ಹತ್ರ ನನ್ನ ಬರೂಕೇ ಬಿಡ್ತಿರ್ಲಿಲ್ಲ," ಎಂದು ಕಣ್ಣೊರೆಸಿಕೊಂಡ. ಜಯಶ್ರೀ ಗುಣವಾಗಿ ಮನೆಗೆ ಬಂದಳು.

ಅಕ್ಕಂದಿರೇ, ಅಣ್ಣಂದಿರೇ, ಆಸ್ಪತ್ರೆಗೆ ಸೇರಿಸಿ ಎಂದರೆ ರಿಪೋರ್ಟಿಗೆ ಕಾಯಬೇಡಿ. ರಕ್ತದ ನಳಿಕೆ ನಿಮ್ಮ ಕೈಗೆ ಬಂದರೆ ಹೇಳಿದಂತೆ ಒಯ್ಯಿರಿ. ನೀವಾಗಿ ಕುಲುಕಬೇಡಿ, ಐಸಿನಲ್ಲಿ ಹುಗಿಯಬೇಡಿ. ಇನ್ನೊಮ್ಮೆ ಬೇಕು ಎಂದರೆ ಕೊಟ್ಟುಬಿಡಿ. ಚಮಚೆಯಷ್ಟು ರಕ್ತವನ್ನು ಮೈ ಮತ್ತೆ ತುಂಬಿಕೊಳ್ಳುತ್ತದೆ. ನಾಗಿ ಇಲ್ಲದ ಮನೆ ಇನ್ನೂ ತುಂಬಿಲ್ಲ.